ಗಾಳಿಗೆ ಚಾಚಿದ ಕೈ

ನಾನು ಬದುಕಿನಲ್ಲಿ ಮಾಡಿದ ಮೊದಲ ಅಭಿನಯ ರಂಗದ ಮೇಲಲ್ಲ, ಟಾಕೀಸಿನ ಕುರ್ಚಿಯ ಮೇಲೆ. ಆಗ ನಾವಿದ್ದದ್ದು ಕಾಸರಗೋಡಿನಲ್ಲಿ. 1984ರಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಭಾರತದ ಮೊದಲ ತ್ರೀಡಿ ಸಿನಿಮಾ ಎಂದು ಎಲ್ಲೆಲ್ಲೂ ಅದರದೇ ಮಾತು. ನಮ್ಮ ಇಡೀ ಕೂಡುಕುಟುಂಬ ಹೊರಟಿತು, ಅಜ್ಜಿಯೂ ಸೇರಿ. ಬಾಗಿಲಲ್ಲಿ ಕೊಟ್ಟ ಕನ್ನಡಕ ಏರಿಸಿಕೊಂಡು ಕುಳಿತೆವು. ಸ್ವಲ್ಪ ಹೊತ್ತಿಗೆಲ್ಲ ಟಾಕೀಸಿಗೆ ಟಾಕೀಸೇ ‘ಹೋ’ ಎಂದಿತು. ಅಜ್ಜಿ ತಲೆ ತಗ್ಗಿಸಿದರು. ತಮ್ಮ ಗಾಳಿಗೆ ಕೈ ಚಾಚಿದ. ನನಗೋ ಪರದೆಯ ಮೇಲಿನದು ಪರದೆಯ ಮೇಲೆಯೇ ಇತ್ತು, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಂತೆ. ದಡ್ಡಿ ಎಂದಾರು ಎಂಬ ಹೆದರಿಕೆಗೆ ನಾನೂ ಕೈ ಚಾಚಿದೆ, ‘ಹೋ’ ಎಂದೆ.

ಎಂಟು ವರ್ಷಗಳ ಬಳಿಕ ಬಿ.ಎಡ್. ಮುಗಿಸಿ ಕೆಲಸಕ್ಕೆಂದು ವೈದ್ಯಕೀಯ ಪರೀಕ್ಷೆಗೆ ಹೋದಾಗ ಗುಟ್ಟು ರಟ್ಟಾಯಿತು. ಬಲಗಣ್ಣು ಮುಚ್ಚಿಸಿ ಓದಿ ಎಂದರೆ ನನಗೆ ಅಕ್ಷರವೇ ಇಲ್ಲ. “ಇದು ಸೋಮಾರಿ ಕಣ್ಣು. ಚಿಕ್ಕಂದಿನಲ್ಲೇ ತಿಳಿದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಇದಕ್ಕೆ ಕೆಲಸ ಕಲಿಸಬಹುದಿತ್ತು” ಎಂದರು ವೈದ್ಯರು. ಸೂಜಿಗೆ ದಾರ ಪೋಣಿಸಲಾರದೆ, ಥ್ರೋಬಾಲ್ ಹಿಡಿಯಲಾರದೆ, ಲೋಟದ ಹೊರಗೆ ನೀರು ಸುರಿದು ನಾನು ತಿಂದ ಬೈಗುಳವೆಲ್ಲ ಆಗ ಒಟ್ಟಿಗೆ ನೆನಪಾಯಿತು. “ಕಣ್ಣು ಎಲ್ಲಿಟ್ಟಿದ್ದೀ?” ಎನ್ನುತ್ತಿದ್ದಳು ಅಮ್ಮ. ಅವಳಿಗೆ ಇನ್ನೇನು ಹೇಳಲಿ? ಯಾರಿಗೂ ಹೇಳಲಿಲ್ಲ. ಮದುವೆಯ ಮಾತು ನಡೆಯುತ್ತಿದ್ದ ಕಾಲ ಬೇರೆ.

ಆಮೇಲೆ ಒಂದು ದಿನ ಅಕ್ಕನ ಮಗ ‘ಟಾಯ್ ಸ್ಟೋರಿ’ಯ ಕ್ಯಾಸೆಟ್ ಹಾಕಿದ. 1995ರ ಆ ಚಿತ್ರ ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಕಥಾಚಿತ್ರ. ಕನ್ನಡಕವಿಲ್ಲ, ಏನಿಲ್ಲ. ಆದರೆ ಮಂಚದ ಕೆಳಗಿನ ಕತ್ತಲು, ಆಟಿಕೆಯ ನುಣುಪಾದ ಕೆನ್ನೆ ಎಲ್ಲವೂ ಕೈಯಿಟ್ಟು ಮುಟ್ಟುವಷ್ಟು ದುಂಡಗೆ ಕಂಡವು. ನನಗೆ! ಇದೆಂಥ ಮಾಯೆ ಎಂದು ಅಂದಿನಿಂದ ಈ ವಿಷಯ ಎಲ್ಲಿ ಸಿಕ್ಕರೂ ಓದತೊಡಗಿದೆ.

ಮಾಯೆಯ ಮೂಲವೂ ಒಂದು ಕೈ. 1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ ಕ್ಯಾಟ್‌ಮಲ್ ತನ್ನ ಎಡಗೈಯ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆಲ್ಲ ಸಣ್ಣ ಸಣ್ಣ ತ್ರಿಕೋನ, ಬಹುಭುಜಗಳನ್ನು ಗೀಚಿ, ಒಂದೊಂದು ಮೂಲೆಯನ್ನೂ ಅಳೆದು ಕಂಪ್ಯೂಟರಿಗೆ ಕೊಟ್ಟ. ಗೆಳೆಯ ಫ್ರೆಡ್ ಪಾರ್ಕ್ ಜೊತೆ ಸೇರಿ ಆ ಕೈ ಬೆರಳು ಮಡಿಸಿ ಬಿಚ್ಚುವಂತೆ ಮಾಡಿದ. 1976ರ ‘ಫ್ಯೂಚರ್‌ವರ್ಲ್ಡ್’ ಚಿತ್ರದಲ್ಲಿ ಆ ಕೈ ಕಾಣಿಸಿಕೊಂಡಿತು. ಮುಂದೆ ಅದೇ ಕ್ಯಾಟ್‌ಮಲ್ ಪಿಕ್ಸಾರ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬನಾದ. 1986ರಲ್ಲಿ ಅಲ್ಲಿ ಜಾನ್ ಲ್ಯಾಸೆಟರ್ ಮಾಡಿದ ‘ಲಕ್ಸೋ ಜೂನಿಯರ್’ ಎರಡೇ ನಿಮಿಷದ್ದು. ಎರಡು ಮೇಜುದೀಪಗಳು, ಒಂದು ಚೆಂಡು, ಅಷ್ಟೆ. ಆದರೆ ದೀಪ ಅಲುಗಿದಂತೆ ನೆರಳೂ ಅಲುಗುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಆ ನೆರಳಿನಲ್ಲೇ ಇತ್ತು. ಟಾಕೀಸಿನ ಕನ್ನಡಕ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ಹಂಚುತ್ತದೆ, ಮಿದುಳು ಅವನ್ನು ಹೊಲಿದು ಆಳ ಮಾಡಿಕೊಳ್ಳುತ್ತದೆ. ಒಂದು ಚಿತ್ರ ಬಾರದವರಿಗೆ ಹೊಲಿಗೆಯೂ ಇಲ್ಲ. ಕಂಪ್ಯೂಟರ್ ಮಾತ್ರ ಒಂದೇ ಕಣ್ಣಿನಿಂದ ನೋಡಿ ಲೆಕ್ಕ ಹಾಕುತ್ತದೆ. ಯಾವುದು ಯಾವುದನ್ನು ಮರೆಮಾಡುತ್ತದೆ, ಬೆಳಕು ಎಲ್ಲಿಂದ ಬಿತ್ತು, ನೆರಳು ಎತ್ತ ಹೋಯಿತು ಎಂದು. ಜೀವಮಾನವಿಡೀ ನಾನು ಮೆಟ್ಟಿಲಿಳಿದದ್ದೂ ರಸ್ತೆ ದಾಟಿದ್ದೂ ಇದೇ ಲೆಕ್ಕದಲ್ಲಿ! ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗೆಂದೇ ಹುಟ್ಟಿರಬೇಕು. ಇನ್ನೊಂದು ತಮಾಷೆ ಕೇಳಿ. ಆಟಿಕೆಗಳ ಅಳತೆಯೆಲ್ಲ ಕಂಪ್ಯೂಟರಿನಲ್ಲಿ ಉಳಿದಿದ್ದರಿಂದ ಪಕ್ಕಕ್ಕೊಂದು ಎರಡನೆಯ ಕಣ್ಣು ಇಟ್ಟು ಮತ್ತೆ ಲೆಕ್ಕ ಹಾಕಿಸಿ, 2009ರಲ್ಲಿ ‘ಟಾಯ್ ಸ್ಟೋರಿ’ಯನ್ನು ತ್ರೀಡಿಯಲ್ಲಿ ಬಿಡುಗಡೆ ಮಾಡಿದರು. ಹದಿನಾಲ್ಕು ವರ್ಷಕ್ಕೆ ಸಿನಿಮಾಕ್ಕೆ ಎರಡನೆಯ ಕಣ್ಣು ಬಂತು. ನನಗೆ ಬರಲಿಲ್ಲ.

2016ರ ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದ ಮೇಲೆ, ಮಂಗಳೂರಿನಲ್ಲಿ ನಮ್ಮ ಬೀದಿಯ ಮಕ್ಕಳನ್ನು ‘ದಿ ಜಂಗಲ್ ಬುಕ್’ ತ್ರೀಡಿ ಚಿತ್ರಕ್ಕೆ ಕರೆದೊಯ್ದೆ. ಅದರಲ್ಲಿ ಹುಡುಗನೊಬ್ಬನೇ ನಿಜ. ಹುಲಿ, ಕರಡಿ, ಕಾಡು ಎಲ್ಲ ಕಂಪ್ಯೂಟರಿನವು. ಮಕ್ಕಳು ಬೆಚ್ಚಿ ಹಿಂದಕ್ಕೆ ಸರಿಯುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಏಳು ವರ್ಷದ ಹುಡುಗಿ ಮಾತ್ರ ಮೊದಲು ಉಳಿದವರ ಮುಖ ನೋಡುತ್ತಿದ್ದಳು, ಆಮೇಲೆ ಬೆಚ್ಚುತ್ತಿದ್ದಳು. ಆ ಅರೆಕ್ಷಣದ ತಡವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು? ನನ್ನೆದೆ ಧಸಕ್ಕೆಂದಿತು.

ಸಂಜೆ ಅವಳ ಮನೆಗೆ ಹೋದೆ. “ಏನೋ ಮಕ್ಕಳಾಟ ಟೀಚರ್, ಕಣ್ಣಿಗೇನಾಗಿದೆ?” ಎಂದಳು ತಾಯಿ. ಆಗ, ಇಪ್ಪತ್ತಮೂರು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿದೆ. ನನ್ನ ಬಲಗಣ್ಣು ನಾನೇ ಮುಚ್ಚಿಕೊಂಡು, “ನಿಮ್ಮ ಮುಖ ನನಗೆ ಕಾಣುತ್ತಿಲ್ಲ” ಎಂದೆ. ಆಕೆ ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಹೇಳಿದ್ದು ಅದೇ, ಸೋಮಾರಿ ಕಣ್ಣು. ಕನ್ನಡಕ ಬಂತು, ದಿನಕ್ಕೆ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಬಂತು. ತರಗತಿಯಲ್ಲಿ ಅಣಕಿಸುತ್ತಾರೆಂದು ಅತ್ತಳು, ಪಟ್ಟಿ ಕಿತ್ತೆಸೆದಳು, ಮತ್ತೆ ಕಟ್ಟಿಸಿಕೊಂಡಳು. ಒಂದೂವರೆ ವರ್ಷದ ಕೊನೆಗೆ ಆ ಕಣ್ಣು ಪೂರ್ತಿ ಸರಿಹೋಗದಿದ್ದರೂ ಪಾಠಪುಸ್ತಕ ಓದುವಷ್ಟಾಯಿತು.

ಒಂದು ಸಂಜೆ ನಮ್ಮ ಅಂಗಳದಲ್ಲಿ ಅವಳು ಚೆಂಡೆಸೆದು, “ಹಿಡೀರಿ ಟೀಚರ್” ಎಂದಳು. ಕೈ ಚಾಚಿದೆ. ಚೆಂಡು ಎಂದಿನಂತೆ ಪಕ್ಕದಿಂದ ಹೋಯಿತು. ತಿರುಗಿ ಎಸೆದೆ. ಅವಳು ಹಿಡಿದಳು.