ಮಾತಿಲ್ಲದ ಹಾಡು

ಮದುವೆ ಮೆರವಣಿಗೆಯಲ್ಲಿ ಕ್ಲಾರಿಯೋನೆಟ್ ಅಂದರೆ ಬ್ಯಾಂಡಿನವರ ಸ್ವತ್ತು. ಡ್ರಮ್ಮಿನ ಗದ್ದಲದ ಮೇಲೆ ಸಿನಿಮಾ ಹಾಡಿನ ಪಲ್ಲವಿಯನ್ನು ಎತ್ತರದಲ್ಲಿ ಕೂಗಿ ಹೇಳುವುದೇ ಅದರ ಕೆಲಸ. ಅದೇ ಕರಿ ಕೊಳವೆಯನ್ನು ಪಂಡಿತ್ ನರಸಿಂಹಲು ವಡವಾಟಿಯವರು ತುಟಿಗಿಟ್ಟರೆ ವಿಲಂಬಿತದ ಆಲಾಪ ಹೊರಡುತ್ತದೆ. ರಾಯಚೂರು ಸೀಮೆಯ ಒಂದು ಹಳ್ಳಿಯ ಹೆಸರನ್ನು ಹಿಂದೂಸ್ತಾನಿ ವೇದಿಕೆಗೆ ಒಯ್ದವರು ಅವರು. ಅವರ ಧ್ವನಿಮುದ್ರಣ ಕೇಳುವುದು ನನಗೆ ಹಳೆಯ ಚಟ.

ನಮ್ಮ ಭಾಗದ ಕಿವಿ ಮಾತಿಗೆ ಒಗ್ಗಿದ ಕಿವಿ. ಮಾನ್ವಿ ಜಗನ್ನಾಥದಾಸರ ಊರು. ಹರಿಕಥಾಮೃತಸಾರದ ಸಂಧಿಗಳನ್ನು ಬಾಯಿಪಾಠ ಹೇಳುವ ಹಿರಿಯರು ಅಲ್ಲಿ ಇವತ್ತಿಗೂ ಸಿಗುತ್ತಾರೆ. ದೇವದುರ್ಗದ ಕಡೆ ಹೋದರೆ ಗೋಪಾಲದಾಸರ ಮೊಸರಕಲ್ಲು. ಊರೂರಿಗೆ ತತ್ವಪದದವರು, ಭಜನೆಯವರು. ಹಾಡು ಅಂದಮೇಲೆ ಅರ್ಥ ಇರಬೇಕು ಎಂಬುದು ಇಲ್ಲಿನ ರೂಢಿ. ಒಮ್ಮೆ ದೇವದುರ್ಗದ ಬಸ್ಸಿನಲ್ಲಿ ನನ್ನ ಇಯರ್‌ಫೋನಿನ ಒಂದು ತುದಿಯನ್ನು ಪಕ್ಕದ ಸೀಟಿನ ಹಿರಿಯರ ಕೈಗೆ ಕೊಟ್ಟೆ. ಗಬ್ಬೂರು ದಾಟುವತನಕ ಸುಮ್ಮನೆ ಕೇಳಿದರು. ಆಮೇಲೆ, “ಛಲೋ ಹಾಡ್ತಾನ್ರಿ. ಪದ ಯಾವುದ್ರಿ ಇದು?” ಅಂದರು. ಊದುವುದಕ್ಕೆ ಅವರು ಹಾಡುವುದು ಅಂದಿದ್ದರು. ವಿಮರ್ಶಕರು ಪುಟಗಟ್ಟಲೆ ಬರೆದರೂ ಇದಕ್ಕಿಂತ ಹೆಚ್ಚು ಹೇಳಲಾರರು.

ಅದಕ್ಕೆ ಕಾರಣವೂ ಇದೆ. ವಡವಾಟಿಯವರ ಗುರು ಪಂಡಿತ್ ಸಿದ್ಧರಾಮ ಜಂಬಲದಿನ್ನಿ, ಗಾಯಕರು. ವಾದ್ಯದವನಿಗೆ ಗಾಯಕ ಗುರು ಸಿಕ್ಕರೆ ಬೆರಳಿಗಿಂತ ಮೊದಲು ಗಂಟಲು ತಯಾರಾಗುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನೆಲ್ಲ ಆ ಗಂಟಲೇ ಹೇಳಿಕೊಡುತ್ತದೆ.

ವಾದ್ಯ ಮಾತ್ರ ಅಷ್ಟು ಸಲೀಸಾಗಿ ಮಣಿಯುವಂಥದ್ದಲ್ಲ. 1700ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಡೆನ್ನರ್ ಎಂಬಾತ ರೂಪಿಸಿದ್ದು ಇದು. ಮೀಂಡು, ಗಮಕ ಅವನ ಲೆಕ್ಕದಲ್ಲೇ ಇರಲಿಲ್ಲ. ತೂತುಗಳ ಸುತ್ತ ಲೋಹದ ಕೀಲಿಗಳು. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು, ನಡುವೆ ಜಾರಲು ದಾರಿಯಿಲ್ಲ. ಬೆರಳನ್ನು ತೂತಿನಿಂದ ಅರ್ಧಂಬರ್ಧ ಸರಿಸಿ, ರೀಡಿನ ಮೇಲೆ ತುಟಿಯ ಒತ್ತಡ ಸಡಿಲಿಸಿ ಆ ದಾರಿಯನ್ನು ಮಾಡಿಕೊಳ್ಳಬೇಕು. ಇನ್ನೊಂದು ಪೇಚೂ ಉಂಟು. ಕೊಳಲಲ್ಲಿ ಉಸಿರು ಬಿಗಿ ಮಾಡಿದರೆ ಅದೇ ಬೆರಳಿಗೆ ಮೇಲಿನ ಷಡ್ಜ ಬರುತ್ತದೆ. ಇಲ್ಲಿ ಹೆಬ್ಬೆರಳಿನ ಕೀಲಿ ಒತ್ತಿದರೆ ಬರುವುದು ಮೇಲಿನ ಸಪ್ತಕದ ಪಂಚಮ! ಹೀಗಾಗಿ ಕೆಳಗೊಂದು ಬೆರಳುಪಾಠ, ಮೇಲೊಂದು. ಎರಡೂ ಕೂಡುವ ಜಾಗದ ಸ್ವರಗಳು ಸ್ವಭಾವತಃ ಮಂಕು. ನಾನು ಕಾಯುವುದು ಆ ಗಡಿಗೇ. ವಡವಾಟಿಯವರ ಆರೋಹ ಅಲ್ಲಿಗೆ ಬಂದಾಗ ಕಿವಿ ನಿಮಿರುತ್ತದೆ. ಎಡವಬಹುದಾದ ಜಾಗವನ್ನು ಅವರು ಮೆಲ್ಲಗೆ, ದನಿಯ ಬಣ್ಣ ಕೆಡದಂತೆ ದಾಟಿಬಿಡುತ್ತಾರೆ.

ಕಛೇರಿಯಲ್ಲಿ ಇದೆಲ್ಲ ಎಷ್ಟೋ ಸಲ ಮೈಕಿನವನ ಪಾಲಾಗುತ್ತದೆ. ಧ್ವನಿಮುದ್ರಣದಲ್ಲಿ ಹಾಗಲ್ಲ, ಆಲಾಪದ ನಡುವೆ ಉಸಿರೆಳೆಯುವ ಸದ್ದು, ಕೀಲಿ ಬೀಳುವ ಸಣ್ಣ ಟಕ್ ಕೂಡ ಕಿವಿಗೆ ಬೀಳುತ್ತವೆ. ದ್ರುತದ ತಾನಗಳಿಗೆ ಚಪ್ಪಾಳೆ ಬೀಳುವುದು ಸಹಜ, ಬೀಳಲಿ. ನನ್ನ ಓಟು ಮಂದ್ರಕ್ಕೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನೂ ನಿಂತಿರುವಾಗ ಆ ತಗ್ಗು ದನಿ ಕೇಳಬೇಕು. ಬಿಸಿಲು ಕಡಿಮೆಯಾಗುವುದಿಲ್ಲ, ಅದರ ಮೇಲಿನ ಸಿಟ್ಟು ಕಡಿಮೆಯಾಗುತ್ತದೆ.

ಗುರುವಿನ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ಅಲ್ಲಿ ಭಾಷಣ ಕೇಳಿದ ನಮ್ಮವರಲ್ಲಿ ಆ ಹೆಸರಿನವರ ಹಾಡು ಕೇಳಿದವರು ಎಷ್ಟು ಮಂದಿಯೋ! ಗುರುವಿನ ಹಾಡು ಮೊದಲು, ಶಿಷ್ಯನ ಕ್ಲಾರಿಯೋನೆಟ್ ಆಮೇಲೆ, ಈ ಕ್ರಮದಲ್ಲಿ ಒಮ್ಮೆ ಕೇಳಿ ನೋಡಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಅದರಲ್ಲಿ ಮಂದ್ರ ಸರಿಯಾಗಿ ಕೇಳುವುದಿಲ್ಲ.