ಉಮ್ಮ ಮುಚ್ಚಿಟ್ಟ ಮಾತು

ಕಳೆದ ರಮಝಾನಿನ ಹನ್ನೊಂದನೆಯ ದಿನ ಸಹರಿಗೆಂದು ಎದ್ದ ಉಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕುಳಿತರು. ಮುಖ ಬಿಳಿಚಿಕೊಂಡಿತ್ತು, ಕೈಗಳು ತಣ್ಣಗಾಗಿದ್ದವು. ಆಸ್ಪತ್ರೆಯಲ್ಲಿ ವೈದ್ಯರ ಮೊದಲ ಪ್ರಶ್ನೆಗೇ ತಲೆ ತಗ್ಗಿಸಿದರು. ಮೂರು ದಿನಗಳಿಂದ ಮಲವು ಡಾಂಬರಿನಂತೆ ಕಪ್ಪಾಗಿತ್ತು. ಹೇಳಿದರೆ ಉಪವಾಸ ಬಿಡಿಸುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಹೃದಯದ ಬಡಿತದ ಏರುಪೇರಿಗಾಗಿ ಅವರು ನಾಲ್ಕು ವರ್ಷಗಳಿಂದ ವಾರ್ಫರಿನ್ ಸೇವಿಸುತ್ತಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ಎನ್ನುತ್ತೇವೆ. ವಾಸ್ತವದಲ್ಲಿ ಅದು ವಿಟಮಿನ್ ಕೆ ಮಾಡುವ ಕೆಲಸಕ್ಕೆ ತಡೆಯೊಡ್ಡಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ. ಮೊದಲು ಇಲಿ ಪಾಷಾಣವಾಗಿದ್ದ ಈ ವಸ್ತುವಿಗೆ 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಔಷಧವಾಗಿ ಅನುಮತಿ ದೊರೆಯಿತೆಂದು ತಿಳಿದಾಗ ನಾನು ಬೆಚ್ಚಿದ್ದೆ. ಪಾರ್ಶ್ವವಾಯುವಿನಿಂದ ಕಾಯುವುದೂ ಅದೇ, ಅಳತೆ ಮೀರಿದರೆ ಒಳಗೊಳಗೇ ರಕ್ತ ಹರಿಸುವುದೂ ಅದೇ. ಐಎನ್‌ಆರ್ ಪರೀಕ್ಷೆಯಲ್ಲಿ 2ರಿಂದ 3ರೊಳಗೆ ಇರಬೇಕಾದ ಅಂಕಿ ಅಂದು 5 ದಾಟಿತ್ತು.

ತಪ್ಪು ನನ್ನದು. ತರಾವೀಹ್‌ನಲ್ಲಿ ನಿಂತು ಮಂಡಿ ನೋಯುತ್ತದೆ ಎಂದಾಗ, ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದುಕೊಟ್ಟೆ. ಅದು ಜಠರದ ಒಳಪದರವನ್ನು ಕೆರಳಿಸುತ್ತದೆ, ರಕ್ತದ ಕಿರುಬಿಲ್ಲೆಗಳನ್ನೂ ದುರ್ಬಲಗೊಳಿಸುತ್ತದೆ. ಉಪವಾಸದಲ್ಲಿ ಊಟ ಕಡಿಮೆಯಾಗಿ, ಸೊಪ್ಪು ತರಕಾರಿ ತಪ್ಪಿದ್ದೂ ಜೊತೆಗೂಡಿತು. ಒಸಡಿನ ರಕ್ತ, ಕೆಂಪು ಮೂತ್ರ, ತಲೆಗೆ ಪೆಟ್ಟು ಬಿದ್ದ ಮೇಲಿನ ತಲೆನೋವು, ಇವುಗಳಲ್ಲಿ ಯಾವುದನ್ನೂ ಕಡೆಗಣಿಸಬಾರದೆಂದು ವೈದ್ಯರು ಅಂದೇ ಹೇಳಿದರು.

ವಿಟಮಿನ್ ಕೆ ಚುಚ್ಚುಮದ್ದು, ಪ್ಲಾಸ್ಮಾ, ಎರಡು ಬಾಟಲಿ ರಕ್ತ. ಐದನೆಯ ದಿನ ಮನೆಗೆ ಬಂದೆವು, ಅಲ್ ಹಮ್ದುಲಿಲ್ಲಾಹ್.

ಆದರೆ ಉಮ್ಮನ ದುಃಖ ಬೇರೆಯೇ ಇತ್ತು. “ಪಡೆದವನ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲಲಿ ಮೋನೆ?” ಎಂದರು. ನೋಡಲು ಬಂದ ಉಸ್ತಾದರು ಅಲ್‌ಬಕರ ಅಧ್ಯಾಯದ 184 ಮತ್ತು 185ನೆಯ ಸೂಕ್ತಗಳನ್ನು ವಿವರಿಸಿದರು. ರೋಗಿಯು ಬೇರೆ ದಿನಗಳಲ್ಲಿ ಉಪವಾಸ ಪೂರ್ತಿಗೊಳಿಸಬಹುದು. ಗುಣವಾಗುವ ಭರವಸೆಯಿಲ್ಲದವರು ಪ್ರತಿ ದಿನಕ್ಕೆ ಒಬ್ಬ ಬಡವನಿಗೆ ಆಹಾರ ನೀಡಿದರೆ ಸಾಕು. “ಉಮ್ಮಾ, ಈ ರಿಯಾಯಿತಿಯೂ ಅವನೇ ಕೊಟ್ಟದ್ದು. ಅದನ್ನು ಹಿಂತಿರುಗಿಸುವುದೇಕೆ?” ಎಂದು ಕೇಳಿದರು. ಉಮ್ಮ ಉತ್ತರಿಸಲಿಲ್ಲ.

ಉಳಿದ ದಿನಗಳಲ್ಲಿ ಅವರು ಮಧ್ಯಾಹ್ನ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಗಂಜಿ ಕುಡಿಯುತ್ತಿದ್ದರು. ಮಕ್ಕಳು ನೋಡಿಯಾರೆಂಬ ನಾಚಿಕೆ. ಇಪ್ಪತ್ತೇಳನೆಯ ದಿನ ನಾನೇ ಬಾಗಿಲು ತೆರೆದು, ಬಟ್ಟಲಿಗೆ ಗಂಜಿ ಬಡಿಸಿ, ಎದುರು ಕುಳಿತೆ.