ತಾರೀಖು ಹುಡುಕುವ ಹುಡುಗಿ

ಮಾರಿಕುಪ್ಪಂ ಗಾಡಿಗೆ ಬಂಗಾರಪೇಟೆಯಲ್ಲಿ ಹತ್ತುವ ಹುಡುಗಿಯೊಬ್ಬಳು ಸೀಟು ಸಿಕ್ಕ ಕೂಡಲೇ ಲ್ಯಾಪ್‌ಟಾಪ್ ತೆಗೆಯುತ್ತಾಳೆ. ಪರದೆಯಲ್ಲಿ ಬ್ರೌಸರ್ ತಾನೇ ತೆರೆದುಕೊಂಡು ತಾನೇ ಲಾಗಿನ್ ಆಗುತ್ತದೆ. ಆಮೇಲೆ ಉದ್ದನೆಯ ಕೋಷ್ಟಕದಲ್ಲಿ ಒಂದೊಂದೇ ಸಾಲು ಇಳಿಯುತ್ತ ಯಾವುದೋ ತಾರೀಖನ್ನು ಹುಡುಕುತ್ತದೆ. ಸಿಕ್ಕರೆ ಹಸಿರು, ಇಲ್ಲದಿದ್ದರೆ ಕೆಂಪು. ಏನಮ್ಮ ಇದು ಅಂದೆ. "ಸೆಲೆನಿಯಂ, ಅಂಕಲ್. ಟೆಸ್ಟಿಂಗ್." 2004ರಲ್ಲಿ ಜೇಸನ್ ಹಗಿನ್ಸ್ ಅನ್ನುವವರು ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದಾಗ ಶುರು ಮಾಡಿದ್ದಂತೆ.

*

ಇಷ್ಟು ಕಷ್ಟ ಯಾಕೆ, ಐದನೇ ಸಾಲು ನೋಡು ಅಂತ ಹೇಳಿಬಿಟ್ಟರೆ ಸಾಲದೇ? ಸಾಲದು. ನಾಳೆ ಮೇಲೊಂದು ಹೊಸ ಎಂಟ್ರಿ ಬಿದ್ದರೆ ಅದೇ ಆರನೆಯದಾಗುತ್ತದೆ. ಅದೂ ಅಲ್ಲದೆ, ಪುಟದಲ್ಲಿ ಜಾಗ ತೋರಿಸುವ ಎಕ್ಸ್‌ಪಾತ್ ಸಾಲುಗಳನ್ನು ಒಂದರಿಂದ ಎಣಿಸುತ್ತದೆ, ಸ್ಕ್ರಿಪ್ಟ್ ಬರೆಯುವ ಜಾವಾ ಭಾಷೆಯ ಪಟ್ಟಿ ಸೊನ್ನೆಯಿಂದ. ಎರಡನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಬಳಸುತ್ತಾರೆ. ಹೇಗೆ ಬಾಳುವೆ ಮಾಡುತ್ತಾರೋ.

*

ಟೇಕಲ್ ಹತ್ತಿರ ಇಂಟರ್‌ನೆಟ್ ಸಿಗ್ನಲ್ ಕುಂಟಿತು. ಕೋಷ್ಟಕ ಇನ್ನೂ ಬಂದಿರಲೇ ಇಲ್ಲ, ಸ್ಕ್ರಿಪ್ಟ್ ಆಗಲೇ ಹುಡುಕಿ "ಇಲ್ಲ" ಅಂದಿತ್ತು. ಕಾಯುವುದನ್ನೂ ಹೇಳಿಕೊಡಬೇಕಂತೆ.

*

ನಾನೊಂದು ತಾರೀಖು ಕೊಟ್ಟೆ: 28/02/2001. ಕೆಜಿಎಫ್‌ನವರಿಗೆ ವಿವರಿಸಬೇಕಿಲ್ಲ, ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ದಿನ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ ನಡೆದು ಬಂದ ಚಿನ್ನದ ಗಣಿಗಾರಿಕೆ ಅಲ್ಲಿಗೆ ನಿಂತಿತು.

ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಆ ಕ್ರಮದಲ್ಲಿ ಓದಿಸಿ ತೋರಿಸಿದಳು. 28ನೇ ತಿಂಗಳು ಎಲ್ಲಿದೆ ಎಂದು ಹೊಸ ಜಾವಾ ಕೆಂಪಾಗಿ ಕೂಗಿಕೊಂಡಿತು. ಸರಿ. ಜಾವಾದಲ್ಲೇ ಇರುವ ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಮಾತ್ರ, ಬೇಡವೆಂದು ಹೇಳದಿದ್ದರೆ, ಗೊಣಗದೆ ಲೆಕ್ಕ ಹಾಕುತ್ತದೆ: 28 ತಿಂಗಳೆಂದರೆ ಎರಡು ವರ್ಷದ ಮೇಲೆ ನಾಲ್ಕು ತಿಂಗಳು. ಉತ್ತರ, 2003ರ ಏಪ್ರಿಲ್ 2! ಗಣಿಗೆ ಇನ್ನೆರಡು ವರ್ಷ ಆಯುಸ್ಸು ಕೊಟ್ಟ ಪುಣ್ಯಾತ್ಮ.

ಮರುದಿನದ್ದು ಇನ್ನೂ ಕೆಟ್ಟದ್ದು. 01/03/2001 ಎಂದರೆ ಹೊಸದು, ಹಳೆಯದು ಎರಡೂ ತಕರಾರಿಲ್ಲದೆ ಜನವರಿ 3 ಎನ್ನುತ್ತವೆ. ಎಲ್ಲೂ ಕೆಂಪಿಲ್ಲ. ಗಾಡಿಯಲ್ಲೇ ಲೆಕ್ಕ ಹಾಕಿದೆ: ದಿನ, ತಿಂಗಳು ಎರಡೂ 12ರ ಒಳಗಿರುವ ತಾರೀಖುಗಳು 144, ಅದರಲ್ಲಿ 1/1, 2/2ರಂಥ 12 ಬಿಟ್ಟರೆ ವರ್ಷಕ್ಕೆ 132 ದಿನ ಹೀಗೆ ಸದ್ದಿಲ್ಲದೆ ಅದಲುಬದಲಾಗಬಹುದು. ಕೂಗಿಕೊಳ್ಳುವ ತಪ್ಪಿನ ಬಗ್ಗೆ ನನಗೆ ಭಯವಿಲ್ಲ, ಈ ಜಾತಿಯದ್ದೇ ಭಯ. ವರ್ಷ ಮೊದಲು, ಆಮೇಲೆ ತಿಂಗಳು, ದಿನ ಎಂಬ ಐಎಸ್‌ಒ 8601 ನಿಯಮ 1988ರಿಂದಲೇ ಇದೆ. ಆದರೆ ಪರದೆಯ ಮೇಲೆ ಹಾಗೆ ತೋರಿಸಿದರೆ ಗಿರಾಕಿಗಳು ಒಪ್ಪುವುದಿಲ್ಲವಂತೆ.

*

ನಮ್ಮ ಕಣ್ಣಿಗೆ ತಾರೀಖು, ಸ್ಕ್ರಿಪ್ಟಿಗೆ ಬರೀ ಅಕ್ಷರ. "1/3/2001 ಎಂದಿರುವ ಸಾಲು ಹುಡುಕು" ಅಂದರೆ 11/3/2001 ಕೂಡ ಸಿಗುತ್ತದೆ, 21, 31 ಕೂಡ. ಎಲ್ಲದರ ಬಾಲವೂ ಒಂದೇ ತಾನೆ? ಮೇಲೆ ಯಾವುದಿದೆಯೋ ಅದನ್ನು ಹಿಡಿದು ಹಸಿರು ತೋರಿಸುತ್ತದೆ. ಅದಕ್ಕೇ ಕೋಶದಲ್ಲಿರುವುದನ್ನು ಪೂರ್ತಿಯಾಗಿ, ಆಚೀಚಿನ ಖಾಲಿ ಜಾಗ ತೆಗೆದು ಹೋಲಿಸಬೇಕು.

*

ಇವತ್ತಿನ ಒಗಟು. "ಇಂದಿನ ತಾರೀಖಿನ ಸಾಲು" ಹುಡುಕುವ ಟೆಸ್ಟು. ಬೆಳಿಗ್ಗೆ ಐದಕ್ಕೆ ಮನೆಯಲ್ಲಿ ಓಡಿಸಿದಾಗ ಕೆಂಪು, ಗಾಡಿಯಲ್ಲಿ ಹಸಿರು. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾಗಿಲ್ಲ. ದೋಷ ಗಡಿಯಾರದ್ದು: ಸರ್ವರ್ ಯುಟಿಸಿ ಕಾಲ ನೋಡುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬಂಗಾರಪೇಟೆಯಲ್ಲಿ ಬೆಳಗಿನ ಐದೂವರೆ ಆಗುವ ತನಕ ಸರ್ವರಿಗೆ ಇನ್ನೂ ನಿನ್ನೆ. ಹಾಲು ಬಂದು, ಕಾಫಿ ಆಗಿ, ಗಾಡಿಗೆ ಓಡುವ ಹೊತ್ತಿಗೂ ನಿನ್ನೆ!

ಎರಡೂ ಕಡೆ ಒಂದೇ ಕಾಲ ಹಿಡಿದರೆ ಸರಿಹೋಗುತ್ತದೆ, ಆದರೆ ಅದನ್ನು ಬದಲಿಸಬೇಕಾದವರು ಬೇರೆ ಟೀಮಿನವರು. "ಟಿಕೆಟ್ ಹಾಕಿದ್ದೀನಿ ಅಂಕಲ್, ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲ" ಅಂದಳು.